ನಕಲು ಅರ್ಜಿ ಮೊದಲು, ದುಡ್ಡಿನ ಲೆಕ್ಕ ಆಮೇಲೆ

ನೋಡಮ್ಮ, ನಿನ್ನ ತಾಯಿ ನಿನ್ನೆ ಫೋನು ಮಾಡಿ ಎಲ್ಲ ಹೇಳಿದಳು. ನೀನು ಅಣ್ಣಂದಿರ ಮೇಲೆ ಹಾಕಿದ ಪಾಲಿನ ದಾವೆಯಲ್ಲಿ ಮನೆಯ ಪಾಲು ನಿನಗೆ ಬಂತು, ಜಮೀನಿನ ಮಟ್ಟಿಗೆ ದಾವೆ ವಜಾ ಆಯಿತು ಅಂದಳು. ಅದರಿಂದ ನಾನು ಎದೆಗುಂದಲಿಲ್ಲ. ಅಂಥ ತೀರ್ಪನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಪ್ರಶ್ನಿಸಿ ಪಡೆದವರೂ ಉಂಟು. ನನಗೆ ಚಿಂತೆ ಹತ್ತಿದ್ದು ಕೊನೆಗೆ ಅವಳು ಹೇಳಿದ ಮಾತಿನಿಂದ. "ಮುಂದಿನ ತಿಂಗಳು ಚೀಟಿ ಎತ್ತಿದ ಮೇಲೆ ಕೈಗೆ ದುಡ್ಡು ಬರುತ್ತೆ ಅಣ್ಣಾ, ಆಗ ಕಾಗದಪತ್ರ ತೆಗೆಸೋಣ ಅಂತಿದ್ದಾಳೆ" ಅಂದಳು. ಆ ಒಂದು ಮಾತಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೋರ್ಟಿನ ನಕಲು ಶಾಖೆಯಲ್ಲಿ ಕೂತು ತಲೆ ಬೆಳ್ಳಗಾದವನು ನಿನ್ನ ಮಾವ. ಕೇಸಿನಲ್ಲಿ ಸತ್ವವಿಲ್ಲದೆ ಸೋತವರನ್ನು ಕಂಡಿದ್ದೇನೆ, ಅದಕ್ಕೇನೂ ಮಾಡಲಾಗದು. ಸತ್ವವಿದ್ದೂ ಅಪೀಲು ಕಳೆದುಕೊಂಡವರನ್ನು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅವರಲ್ಲಿ ಬಹಳ ಮಂದಿ "ದುಡ್ಡು ಹೊಂದಿಸಿಕೊಂಡು ಆಮೇಲೆ ನಕಲಿಗೆ ಹಾಕೋಣ" ಅಂತ ಕೂತವರು. ಕಾಲಮಿತಿ ನಿನ್ನ ಚೀಟಿಯ ತಿಂಗಳಿಗೆ ಕಾಯುವುದಿಲ್ಲ ಮಗಳೇ. ನಕಲಿಗೆ ಅರ್ಜಿ ಹಾಕಲು ಕೈತುಂಬ ದುಡ್ಡೂ ಬೇಕಿಲ್ಲ.

ಮೊದಲು ದಿನದ ಲೆಕ್ಕ ಹೇಳುತ್ತೇನೆ, ಗಮನವಿಟ್ಟು ಓದು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಿವಿಲ್ ಡಿಕ್ರಿಯ ಮೇಲಿನ ಅಪೀಲು ಹೈಕೋರ್ಟಿಗಾದರೆ 90 ದಿನ, ಉಳಿದ ಯಾವ ಕೋರ್ಟಿಗಾದರೂ 30 ದಿನ. ನಿನ್ನದು ತಾಲ್ಲೂಕು ಕೋರ್ಟಿನ ತೀರ್ಪು, ಮೇಲೆ ಹೋಗುವುದು ಹಿರಿಯ ಸಿವಿಲ್ ನ್ಯಾಯಾಧೀಶರ ಹತ್ತಿರ. ಆದ್ದರಿಂದ ನಿನಗಿರುವುದು 30 ದಿನ. ತೀರ್ಪಿನ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಕಲು ತಯಾರಾಗಲು ಬೇಕಾದ ಸಮಯವನ್ನೂ ಹಿಡಿಯುವುದಿಲ್ಲ, ಅದನ್ನು 12ನೇ ಕಲಂ ಕಳೆದುಕೊಡುತ್ತದೆ. ಆ ಕಲಂ ನಿನ್ನ ಕೈ ಹಿಡಿಯಬೇಕಾದರೆ 30 ದಿನ ಮುಗಿಯುವುದರೊಳಗೆ ಅರ್ಜಿ ಬಿದ್ದಿರಬೇಕು.

ತೀರ್ಪು ಜೂನ್ 10ಕ್ಕೆ ಬಂತು ಅಂದುಕೋ. 11ರಿಂದ ಎಣಿಸಿದರೆ ಜುಲೈ 10ಕ್ಕೆ ಮೂವತ್ತು ದಿನ ಮುಗಿಯಿತು. ನೀನು ಜೂನ್ 17ಕ್ಕೆ ನಕಲಿಗೆ ಅರ್ಜಿ ಕೊಟ್ಟೆ, ಶುಲ್ಕ ಇಷ್ಟು ಅಂತ ಹೇಳಿದ ದಿನವೇ ಕಟ್ಟಿದೆ, ನಕಲು ಜುಲೈ 4ಕ್ಕೆ ತಯಾರಾಯಿತು. ಜೂನ್ 17ರಿಂದ ಜುಲೈ 4ರವರೆಗಿನ 18 ದಿನ ನಿನ್ನ ಖಾತೆಗೆ ವಾಪಸ್ಸು ಬರುತ್ತದೆ. ಕೊನೆಯ ದಿನ ಜುಲೈ 28 ಆಗುತ್ತದೆ. ತಯಾರಾದ ನಕಲನ್ನು ಜುಲೈ 20ಕ್ಕೆ ಹೋಗಿ ತಂದೆ ಅಂದರೆ ಆ ಹದಿನಾರು ದಿನ ನಿನ್ನದೇ ನಷ್ಟ, ಕೊನೆಯ ದಿನ 28ರಿಂದ ಮುಂದಕ್ಕೆ ಹೋಗುವುದಿಲ್ಲ. ಶುಲ್ಕ ಕಟ್ಟಲು ಹೇಳಿದ ಮೇಲೆ ಹತ್ತು ದಿನ ತಡ ಮಾಡಿದರೂ ಹಾಗೆಯೇ, ಆ ಹತ್ತನ್ನು ಯಾರೂ ಕಳೆದುಕೊಡುವುದಿಲ್ಲ. ಇನ್ನು ಚೀಟಿ ಎತ್ತಿ ಜುಲೈ 12ಕ್ಕೆ ಅರ್ಜಿ ಹಾಕಿದೆಯೋ, ಆಗ ಕಳೆಯಲು ಏನೂ ಉಳಿದಿರುವುದಿಲ್ಲ. ಮೂವತ್ತು ದಿನ ಆಗಲೇ ಸತ್ತುಹೋಗಿರುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಓದುಬರಹ ಬಲ್ಲವರೂ ಇಲ್ಲಿ ಎಡವುತ್ತಾರೆ. ತೀರ್ಪು ಓದಿದ ಮೇಲೆ ಕೋರ್ಟು ಡಿಕ್ರಿಯನ್ನು ಬೇರೆಯಾಗಿ ಬರೆಯುತ್ತದೆ, 15 ದಿನದೊಳಗೆ ಬರೆಯಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. "ಡಿಕ್ರಿ ಇನ್ನೂ ಆಗಿಲ್ಲ, ಆದ ಮೇಲೆ ಅರ್ಜಿ ಹಾಕಿದರಾಯಿತು" ಅಂತ ಜನ ಸುಮ್ಮನಿರುತ್ತಾರೆ. ಆದರೆ ನೀನು ಅರ್ಜಿ ಹಾಕುವ ಮುಂಚೆ ಡಿಕ್ರಿ ಬರೆಯಲು ಹಿಡಿದ ಕಾಲವನ್ನು ನಿನಗೆ ಬಿಟ್ಟುಕೊಡಬಾರದು ಎಂದು ಅದೇ 12ನೇ ಕಲಮಿನ ವಿವರಣೆಯಲ್ಲಿದೆ. ಅರ್ಜಿ ಮೊದಲೇ ಬಿದ್ದಿದ್ದರೆ ಅದೇ ದಿನಗಳು ನಿನಗೆ ಸಿಗುತ್ತವೆ. ಜೊತೆಗೆ, ಈಗ ಅಪೀಲಿನೊಂದಿಗೆ ಕಡ್ಡಾಯವಾಗಿ ಇಡಬೇಕಾದದ್ದು ತೀರ್ಪಿನ ನಕಲು. ಡಿಕ್ರಿಯ ನಕಲು ಬಂದಿಲ್ಲವೆಂದು ಅಪೀಲು ನಿಲ್ಲಿಸಿಕೊಳ್ಳುವ ಕಾಲ ಹೋಯಿತು. ನೀನು ಒಂದೇ ಅರ್ಜಿಯಲ್ಲಿ ಎರಡಕ್ಕೂ ಕೇಳಿಬಿಡು.

ನಕಲು ಕೈಗೆ ಬಂದ ಕೂಡಲೇ ಅದನ್ನು ತಿರುಗಿಸಿ ಕೊನೆಯ ಹಾಳೆಯ ಹಿಂಬದಿ ನೋಡು. ಅಲ್ಲೊಂದು ಮೊಹರಿನ ಗುರುತು ಇರುತ್ತದೆ: ಅರ್ಜಿ ಕೊಟ್ಟ ತಾರೀಖು, ಶುಲ್ಕ ತಿಳಿಸಿದ ತಾರೀಖು, ಶುಲ್ಕ ಕಟ್ಟಿದ ತಾರೀಖು, ನಕಲು ಸಿದ್ಧವಾದ ತಾರೀಖು, ಕೊಟ್ಟ ತಾರೀಖು. ನೀಲಿ ಶಾಯಿಯಲ್ಲಿ ಅವಸರದಲ್ಲಿ ಬರೆದದ್ದು, 1ಕ್ಕೂ 7ಕ್ಕೂ ವ್ಯತ್ಯಾಸ ತಿಳಿಯದ ಹಾಗೆ ಎಷ್ಟೋ ಸಲ ಇರುತ್ತದೆ. ಅಪೀಲು ಅವಧಿಯೊಳಗಿದೆಯೋ ಇಲ್ಲವೋ ಎಂದು ಮೇಲಿನ ಕೋರ್ಟಿನ ಕಚೇರಿಯವರು ನೋಡುವುದು ಆ ಐದು ತಾರೀಖುಗಳನ್ನೇ. ಕಿಟಕಿ ಬಿಟ್ಟು ಬರುವ ಮುನ್ನ ಅವು ಸ್ಪಷ್ಟವಾಗಿವೆಯೇ, ಒಂದೂ ಖಾಲಿ ಬಿಟ್ಟಿಲ್ಲವೇ ನೋಡಿಕೋ. ತಪ್ಪಿದ್ದರೆ ಅಲ್ಲೇ ನಿಂತು ಸರಿ ಮಾಡಿಸು. ಸಂಕೋಚ ಬೇಡ. ಅದು ಅವರ ಕೆಲಸ, ನಿನ್ನ ಹಕ್ಕು. ಮೊಬೈಲಿನಲ್ಲಿ ಇ-ಕೋರ್ಟ್ ತಾಣದಿಂದ ಇಳಿಸಿಕೊಂಡ ತೀರ್ಪು ಓದಿಕೊಳ್ಳಲು ಬಹಳ ಒಳ್ಳೆಯದು, ವಕೀಲರಿಗೆ ಅವತ್ತೇ ಕಳಿಸಬಹುದು. ಅದಕ್ಕೆ ದೃಢೀಕರಣವಿಲ್ಲ, ಹಿಂಬದಿಯ ಈ ತಾರೀಖುಗಳೂ ಇಲ್ಲ. ಆದ್ದರಿಂದ ಅದು ನಕಲಿನ ಜಾಗ ತುಂಬುವುದಿಲ್ಲ.

ಇನ್ನು ದುಡ್ಡಿನ ವಿಷಯ. "ಅಪೀಲಿಗೆ ಲಕ್ಷ ಬೇಕಂತೆ" ಅಂತ ನಿನಗೆ ಯಾರೋ ಹೇಳಿದ್ದಾರಂತೆ. ಹೇಳಿದವರು ಬೇರೆಬೇರೆ ಖರ್ಚುಗಳನ್ನು ಒಂದೇ ಗಂಟು ಕಟ್ಟಿ ಹೆದರಿಸಿದ್ದಾರೆ. ನಕಲಿನ ಶುಲ್ಕ ಬೇರೆ, ಅಪೀಲಿನ ಮೇಲೆ ಹಚ್ಚುವ ಕೋರ್ಟ್ ಫೀ ಬೇರೆ, ವಕೀಲರ ಫೀಜು ಬೇರೆ. ನಕಲಿನ ಶುಲ್ಕ ಪುಟದ ಲೆಕ್ಕ. ನಿಯಮದಲ್ಲಿ ದರ ಗೊತ್ತುಮಾಡಿದೆ, ಶಾಖೆಯಲ್ಲಿ ಕೇಳಿದರೆ ಹೇಳಲೇಬೇಕು. ತೀರ್ಪು, ಡಿಕ್ರಿ ಎರಡಕ್ಕೂ ಸೇರಿ ಒಂದು ಮನೆಯ ದಿನಸಿಯ ಬಿಲ್ಲಿನಷ್ಟೂ ಆಗದು. ಚೀಟಿಗೆ ಕಾಯಬೇಕಾದ ಮೊತ್ತ ಅದಲ್ಲ. ಕಟ್ಟಿದ್ದಕ್ಕೆಲ್ಲ ರಸೀದಿ ಕೇಳು. ರಸೀದಿ ಇಲ್ಲದೆ ಯಾರೇ ಏನೇ ಕೇಳಿದರೂ ಕೊಡಬೇಡ.

ಖರ್ಚು ಬೆಳೆಯುವುದು ಯಾವಾಗ ಅಂದರೆ, ಹೆದರಿಕೊಂಡು ಕಡತದಲ್ಲಿರುವ ಎಲ್ಲದಕ್ಕೂ ದೃಢೀಕೃತ ನಕಲು ಕೇಳಿದಾಗ. ಸಾಕ್ಷಿ ಹೇಳಿಕೆ, ನಿಶಾನೆ ಮಾಡಿದ ಪಹಣಿ, ಮ್ಯುಟೇಷನ್, ವಂಶವೃಕ್ಷ, ಮಧ್ಯಂತರ ಅರ್ಜಿ, ಅದಕ್ಕೆ ತಕರಾರು ಎಲ್ಲ ಸೇರಿ ನೂರಾರು ಪುಟ. ಅಷ್ಟೂ ಬೇಡ. ಅಪೀಲು ದಾಖಲಾದ ಮೇಲೆ ಕೆಳಕೋರ್ಟಿನ ಮೂಲ ಕಡತವನ್ನು ಮೇಲಿನ ಕೋರ್ಟೇ ತರಿಸಿಕೊಳ್ಳುತ್ತದೆ. ಕೋರ್ಟಿನವರ ಬಾಯಲ್ಲಿ ಅದಕ್ಕೆ ಎಲ್‌ಸಿಆರ್ ಅನ್ನುತ್ತಾರೆ. ವಾದಕ್ಕೆ ತಯಾರಾಗಲು ವಕೀಲರಿಗೆ ಬೇಕಾಗುವುದು ಓದಲು ಬರುವ ಪ್ರತಿ, ಅದಕ್ಕೆ ನಿಮ್ಮ ಹಳೆಯ ವಕೀಲರ ಕೇಸುಕಟ್ಟಿನಲ್ಲಿರುವ ಜೆರಾಕ್ಸ್ ಸಾಕು. ಆ ಕಟ್ಟನ್ನು ಈ ವಾರವೇ ಇಸಿದುಕೊಂಡು ಬಾ. ಅದರಲ್ಲಿ ಇಲ್ಲದ ಹಾಳೆಗೆ ಮಾತ್ರ ನಕಲು ಹಾಕು.

ಆ ಕಟ್ಟು ಬಂದ ಮೇಲೆ ನೀನೇ ಕೂತು ಸಾಕ್ಷಿ ಹೇಳಿಕೆಗಳನ್ನು ಓದು, ಇದು ನಿನ್ನ ಮೇಲೆ ನಾನು ಹೊರಿಸುವ ಕೆಲಸ. ಮೇಲಿನ ಕೋರ್ಟಿನ ನ್ಯಾಯಾಧೀಶರು ನಿನ್ನ ಮುಖ ನೋಡಿಲ್ಲ, ನಿನ್ನ ಅಣ್ಣ ಪಾಟೀಸವಾಲಿನಲ್ಲಿ ತಡವರಿಸಿದ್ದನ್ನು ಕೇಳಿಲ್ಲ. ಅವರ ಮುಂದಿರುವುದು ಕಾಗದ ಮಾತ್ರ. "ಜಮೀನು ಅಪ್ಪನ ಸ್ವಯಾರ್ಜಿತ" ಎಂದು ತೀರ್ಪಿನಲ್ಲಿ ಬರೆದಿದ್ದರೆ, ಅದಕ್ಕೆ ಯಾವ ನಿಶಾನೆ ಆಧಾರ ಕೊಟ್ಟಿದ್ದಾರೆ ಹುಡುಕು. ತಾತನ ಹೆಸರಿನ ಹಳೆಯ ಪಹಣಿ ನಿಶಾನೆಯಾಗಿದ್ದೂ ತೀರ್ಪಿನಲ್ಲಿ ಅದರ ಮಾತೇ ಇಲ್ಲದಿದ್ದರೆ ಆ ಹಾಳೆಗೆ ಚೀಟಿ ಅಂಟಿಸು, ವಕೀಲರಿಗೆ ತೋರಿಸು. ಆ ಜಮೀನಿನ ಕಥೆ, ಅಲ್ಲಿನ ಜನ ನಿನಗೆ ಗೊತ್ತಿದ್ದಷ್ಟು ಯಾವ ವಕೀಲರಿಗೂ ಗೊತ್ತಿರುವುದಿಲ್ಲ. ಮೊದಲನೇ ಅಪೀಲಿನಲ್ಲಿ ಸಾಕ್ಷ್ಯವನ್ನು ಪೂರ್ತಿ ಮತ್ತೆ ತೂಗಿ ನೋಡುತ್ತಾರೆ. ಎರಡನೇ ಅಪೀಲು ಹೈಕೋರ್ಟಿಗೆ ಹೋದರೆ ಅಲ್ಲಿ ಕೇಳುವುದು ಕಾನೂನಿನ ಗಣನೀಯ ಪ್ರಶ್ನೆಯನ್ನು ಮಾತ್ರ. ಸಂಗತಿ ಏನೆಂದು ವಾದಿಸಲು ನಿನಗಿರುವ ದೊಡ್ಡ ಅವಕಾಶ ಈ ಮೊದಲನೇ ಅಪೀಲೇ. ಕೆಳಕೋರ್ಟಿನಲ್ಲಿ ಹಾಜರು ಮಾಡದ ದಾಖಲೆಯನ್ನು ಅಪೀಲಿನಲ್ಲಿ ಹೊಸದಾಗಿ ತರುವುದು ಸುಲಭವಲ್ಲ, ಬಲವಾದ ಕಾರಣ ಬೇಕು. ಇದ್ದ ಕಡತವೇ ನಿನ್ನ ಆಸ್ತಿ.

ಕೋರ್ಟ್ ಫೀ ವಿಷಯಕ್ಕೆ ಬರೋಣ. ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವಾ ಮೌಲ್ಯನಿರ್ಣಯ ಕಾಯ್ದೆ 1958ರದ್ದು. ಅದರ 49ನೇ ಕಲಂ ಪ್ರಕಾರ, ಅಪೀಲಿನಲ್ಲಿ ಯಾವ ವಿಷಯವನ್ನು ಪ್ರಶ್ನಿಸುತ್ತೀಯೋ ಅಷ್ಟಕ್ಕೆ ಮೊದಲ ಕೋರ್ಟಿನಲ್ಲಿ ಎಷ್ಟು ಶುಲ್ಕವಾಗುತ್ತಿತ್ತೋ ಅಷ್ಟೇ. ಮನೆಯ ಪಾಲು ನಿನಗೆ ಸಿಕ್ಕಿದೆ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಫೀ ಜಮೀನಿನ ಮಟ್ಟಿಗೆ. ಜಮೀನು ಜಂಟಿ ಸ್ವಾಧೀನದಲ್ಲಿದೆ ಎಂದು ಪಾಲು ಕೇಳಿದ್ದರೆ ನಿಗದಿತ ಸಣ್ಣ ಮೊತ್ತ. ನಿನ್ನನ್ನು ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದಾದರೆ ನಿನ್ನ ಪಾಲಿನ ಬೆಲೆಯ ಮೇಲೆ. ಅಲ್ಲಿಯೂ ಗಾಬರಿ ಬೇಡ. ಕಂದಾಯ ಕಟ್ಟುವ ಬೇಸಾಯದ ಜಮೀನಿಗೆ ಇಂಥ ದಾವೆಗಳಲ್ಲಿ ಕಂದಾಯದ 25 ಪಟ್ಟನ್ನೇ ಬೆಲೆ ಎಂದು ಹಿಡಿಯುವ ಪದ್ಧತಿ ಆ ಕಾಯ್ದೆಯಲ್ಲಿದೆ, ಎಕರೆಗೆ ಇವತ್ತು ರಿಯಲ್ ಎಸ್ಟೇಟಿನವರು ಹೇಳುವ ದರವಲ್ಲ. ಕೆಳಕೋರ್ಟಿನ ದಾವಾಪತ್ರಿಕೆಯ ಜೊತೆಗೇ ಮೌಲ್ಯನಿರ್ಣಯದ ಪಟ್ಟಿ ಇರುತ್ತದೆ. ವಕೀಲರು ಫೀ ಇಷ್ಟು ಎಂದಾಗ ಆ ಹಾಳೆ ಮುಂದಿಟ್ಟು, "ಸಾರ್, ಇದರಲ್ಲಿ ಜಮೀನಿನ ಸಾಲು ಯಾವುದು, ಅದಕ್ಕೆ ಮಾತ್ರ ಎಷ್ಟು?" ಎಂದು ಕೇಳು. ಒಳ್ಳೆಯ ವಕೀಲರು ಹೀಗೆ ಕೇಳಿದರೆ ಬೇಸರಿಸುವುದಿಲ್ಲ.

ಕೊನೆಯ ದಿನ ಬಂದರೂ ಫೀ ಪೂರ್ತಿ ಕೂಡಲಿಲ್ಲ ಅಂದುಕೋ. ಆಗಲೂ ಅಪೀಲನ್ನು ಮನೆಯಲ್ಲಿಟ್ಟುಕೊಂಡು ಕೂರಬೇಡ. ಕಡಿಮೆ ಬಿದ್ದ ಫೀಯನ್ನು ಆಮೇಲೆ ತುಂಬಲು ಸಮಯ ಕೊಡುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಂನಲ್ಲಿ ಕೋರ್ಟಿಗಿದೆ. ಕೊಡಲೇಬೇಕು ಅಂತಿಲ್ಲ, ಅದು ಅವರ ವಿವೇಚನೆ. ಆದರೆ ಅವಧಿಯೊಳಗೆ ಬಂದು ಸಮಯ ಕೇಳುವವರಿಗೂ ಅವಧಿ ಮೀರಿ ಬಂದು ಕ್ಷಮೆ ಕೇಳುವವರಿಗೂ ಬಹಳ ಅಂತರವಿದೆ. ತಡವಾಗಿ ಹೋದರೆ ಕಾಲಮಿತಿ ಕಾಯ್ದೆಯ 5ನೇ ಕಲಂನಡಿ ವಿಳಂಬ ಮನ್ನಾ ಅರ್ಜಿ, ಅದಕ್ಕೆ ಪ್ರಮಾಣಪತ್ರ, ಎದುರಿನವರಿಗೆ ನೋಟಿಸು, ಅವರ ತಕರಾರು. ವಿಳಂಬದ ವಿಷಯದಲ್ಲಿ ಕೋರ್ಟುಗಳು ಉದಾರವಾಗಿರಬೇಕೆಂದು 1987ರಲ್ಲಿ ಸುಪ್ರೀಂ ಕೋರ್ಟು ಕಾತಿಜಿ ಪ್ರಕರಣದಲ್ಲಿ ಹೇಳಿದ್ದು ನಿಜ. ಅದನ್ನು ನಂಬಿ ತಡ ಮಾಡುವವರ ಅರ್ಜಿಗಳು ಇಂದಿಗೂ ವಜಾ ಆಗುತ್ತಿವೆ ಅನ್ನುವುದೂ ಅಷ್ಟೇ ನಿಜ. ಮನ್ನಾ ಆಗುವವರೆಗೆ ತಡೆಯಾಜ್ಞೆಯೂ ಸಿಗುವುದು ಕಷ್ಟ, ಅಷ್ಟರಲ್ಲಿ ನಿನ್ನ ಅಣ್ಣಂದಿರು ಜಮೀನನ್ನು ಯಾರಿಗಾದರೂ ಕ್ರಯ ಮಾಡಿಕೊಟ್ಟರೆ ಆ ತಲೆನೋವು ಬೇರೆ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು. ನೀನು ಈ ಯಾವ ಖರ್ಚನ್ನೂ ಕೈಯಿಂದ ಹಾಕಬೇಕಾಗಿಯೇ ಇಲ್ಲದಿರಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಉಚಿತ ನೆರವಿಗೆ ಅರ್ಹರು ಯಾರು ಎಂದು ಹೇಳುತ್ತದೆ. ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನವರು. ಹೆಂಗಸರು ಮತ್ತು ಮಕ್ಕಳು ಎಂದೂ ಅಲ್ಲಿದೆ. ಹೆಂಗಸಾದರೆ ಆದಾಯದ ಮಿತಿಯ ಮಾತೇ ಬರುವುದಿಲ್ಲ. ಆ ನೆರವೆಂದರೆ ವಕೀಲರನ್ನು ಗೊತ್ತು ಮಾಡುವುದಷ್ಟೇ ಅಲ್ಲ. ಕೋರ್ಟ್ ಫೀ, ನಕಲು ತೆಗೆಸುವುದು, ಅಪೀಲು ಮತ್ತು ಪೇಪರ್ ಬುಕ್ ತಯಾರಿಸುವುದು, ಅಚ್ಚು, ಭಾಷಾಂತರ ಎಲ್ಲ ಅದರಲ್ಲಿ ಸೇರಿದೆ. ಮುಂದೊಂದು ದಿನ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದರೆ ಕನ್ನಡದ ಕಾಗದಗಳನ್ನೆಲ್ಲ ಇಂಗ್ಲಿಷಿಗೆ ತರುವ ಖರ್ಚೇ ಬಡವರನ್ನು ಹಿಂದೆಗೆಯುವ ಹಾಗೆ ಮಾಡುತ್ತದೆ, ಅದೂ ಈ ನೆರವಿನೊಳಗೆ ಬರುತ್ತದೆ. ನಿಮ್ಮ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೂ ಆಗುತ್ತದೆ. ಹೋಗಲಾಗದಿದ್ದರೆ 15100ಕ್ಕೆ ಫೋನು ಮಾಡಿ ಕೇಳು.

"ಧರ್ಮಕ್ಕೆ ಕೈಚಾಚಿದ ಹಾಗಾಗುತ್ತೆ" ಅಂತ ನಿನ್ನ ತಾಯಿ ಅಂದಳು. ಅವಳಿಗೆ ನಾನು ಹೊಸ್ಕೋಟ್ ಪ್ರಕರಣ ಹೇಳಿದೆ, ನಿನಗೂ ಹೇಳುತ್ತೇನೆ. ಹೊಸ್ಕೋಟ್ ಅನ್ನುವವನು ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದವನು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯ ಅಚ್ಚನ್ನು ಮುಂಬೈಯ ಬ್ಲಾಕು ತಯಾರಕನೊಬ್ಬನಿಂದ ಮಾಡಿಸಲು ಹೋಗಿ ಸಿಕ್ಕಿಬಿದ್ದ. ಕೆಳಗೆ ಆದ ಹಗುರ ಶಿಕ್ಷೆಯನ್ನು 1973ರಲ್ಲಿ ಹೈಕೋರ್ಟು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಅವನು ಹೋದದ್ದು ನಾಲ್ಕು ವರ್ಷಕ್ಕೂ ಮೀರಿ, ಅಷ್ಟರಲ್ಲಿ ಶಿಕ್ಷೆಯೇ ಮುಗಿದಿತ್ತು. ತಡವೇಕೆ ಅಂದರೆ ತೀರ್ಪಿನ ನಕಲೇ ಕೈಗೆ ಬಂದಿರಲಿಲ್ಲ ಅಂದ. ಜೈಲಿನವರು ಕೊಟ್ಟಿದ್ದೆವು ಅಂದರು, ಕೊಟ್ಟದ್ದಕ್ಕೆ ಅವನ ಸಹಿಯಿದ್ದ ಒಂದು ಚೂರು ಕಾಗದವೂ ಇರಲಿಲ್ಲ. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನ ಅರ್ಜಿಯಲ್ಲಿ ಸತ್ವವಿಲ್ಲವೆಂದು ತಳ್ಳಿಹಾಕಿದರು. ಆದರೂ ಜೈಲುಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಉಚಿತವಾಗಿ, ಬೇಗ ಮುಟ್ಟಿಸಿ ಸಹಿ ಪಡೆಯಬೇಕು, ಬಡವನಾದರೆ ವಕೀಲರನ್ನೂ ಕೊಡಬೇಕು, ಇದು ಸಂವಿಧಾನದ 21ನೇ ವಿಧಿಯ ಭಾಗ ಎಂದು ಬರೆದರು. ತಪ್ಪಿತಸ್ಥನೆಂದು ತೀರ್ಮಾನವಾದವನಿಗೂ ಕೋರ್ಟು ನಕಲನ್ನು ಹಕ್ಕೆಂದು ಕೊಡಿಸಿತು. ಕ್ರಿಮಿನಲ್ ಕೇಸಿನಲ್ಲಿ ಇವತ್ತಿಗೂ ಹಾಗೆಯೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಂ ಪ್ರಕಾರ ಜೈಲುಶಿಕ್ಷೆಯಾದವನಿಗೆ ತೀರ್ಪು ಓದಿದ ಕೂಡಲೇ ನಕಲು ಪುಕ್ಕಟೆ. ಸಿವಿಲ್ ಕೇಸಿನಲ್ಲಿ ತಾನಾಗಿ ಮನೆಗೆ ಬರುವುದಿಲ್ಲ, ನೀನು ಕೇಳಬೇಕು. ತಂದೆಯ ಆಸ್ತಿಯಲ್ಲಿ ಹೆಣ್ಣುಮಗಳ ಪಾಲು ಕೇಳಲು ಹೊರಟವಳು ನೀನು, ಕಾಯ್ದೆ ನಿನಗೆಂದೇ ಎತ್ತಿಟ್ಟ ನೆರವಿಗೆ ನಾಚುವುದು ಎಂಥದ್ದು?

ತಡ ಮಾಡಬಾರದೆನ್ನಲು ಇನ್ನೊಂದು ಕಾರಣವಿದೆ. ನಿನ್ನ ತೀರ್ಪಿನಿಂದ ಆಗುವುದು ಪ್ರಾಥಮಿಕ ಡಿಕ್ರಿ. ಮನೆಯನ್ನು ಅಳೆದು ಭಾಗ ಮಾಡುವ ಅಂತಿಮ ಡಿಕ್ರಿ ಇನ್ನು ಮುಂದೆ. "ಅಂತಿಮ ಡಿಕ್ರಿ ಆದ ಮೇಲೆ ಒಟ್ಟಿಗೆ ಅಪೀಲು ಹಾಕಬಹುದು" ಅಂತ ಊರಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲು ಮಾಡದವರು ಅದು ತಪ್ಪೆಂದು ಆಮೇಲೆ ಹೇಳುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೇ ಕಲಂ ಆ ಬಾಗಿಲು ಮುಚ್ಚಿದೆ. ಮನೆಯ ಪಾಲಿನ ಬಗ್ಗೆ ಅಣ್ಣಂದಿರೂ ಅಪೀಲು ಹಾಕಬಹುದು. ನಿನಗೆ ತಿಳಿಯದಂತೆ ತಡೆಯಾಜ್ಞೆ ತರದಿರಲಿ ಅಂತ ಮೇಲಿನ ಕೋರ್ಟಿನಲ್ಲಿ ಒಂದು ಕೇವಿಯಟ್ ಹಾಕಿಸು, 90 ದಿನ ಕಾಯುತ್ತದೆ. ಅದಕ್ಕೂ ತೀರ್ಪಿನ ಪ್ರತಿ ಕೈಯಲ್ಲಿದ್ದರೆ ಅನುಕೂಲ.

ನಾಳೆಯೇ ಹೋಗು. ದಾವೆಯ ನಂಬರು, ಕೋರ್ಟಿನ ಹೆಸರು, ತೀರ್ಪಿನ ತಾರೀಖು ಬರೆದುಕೊಂಡು ಹೋಗು, ಅರ್ಜಿ ಬರೆಯಲು ಅಷ್ಟು ಸಾಕು. ಅರ್ಜಿಗೆ ನಂಬರು ಹಾಕಿಸಿಕೊಂಡು ಅದರ ಫೋಟೋ ನನಗೆ ಕಳಿಸು. ಶುಲ್ಕ ಎಷ್ಟೆಂದು ಹಾಕಿದ್ದಾರೆಯೇ, ನಕಲು ತಯಾರಾಯಿತೇ ಅಂತ ಎರಡು ದಿನಕ್ಕೊಮ್ಮೆ ಕೇಳುತ್ತಿರು. ಫೋನು ಬರುತ್ತದೆ ಅಂತ ಕಾಯಬೇಡ. ಒಂದು ಲಕೋಟೆ ಇಟ್ಟುಕೊಂಡು ನಕಲಿನ ರಸೀದಿ, ಕೋರ್ಟ್ ಫೀ ಚಲನ್, ಟೈಪು ಮಾಡಿಸಿದ್ದು ಎಲ್ಲ ಅದರೊಳಗೆ ಹಾಕುತ್ತಾ ಹೋಗು. ಅಪೀಲಿನ ಜೊತೆ ಇಡಬೇಕಾದ ತೀರ್ಪು, ಡಿಕ್ರಿಯ ನಕಲಿಗೆ ಆದ ಖರ್ಚನ್ನು ಕೇಸಿನ ಖರ್ಚಾಗಿ ಎದುರಿನವರಿಂದ ಕೊಡಿಸಬಹುದು ಎಂದು ಸಂಹಿತೆಯ 20-ಎ ಆದೇಶದಲ್ಲೇ ಬರೆದಿದೆ. ಅಪೀಲು ಗೆದ್ದ ದಿನ ವಕೀಲರು ಖರ್ಚಿನ ಪಟ್ಟಿ ಸಲ್ಲಿಸುವಾಗ ಆ ಲಕೋಟೆಯನ್ನು ಅವರ ಕೈಗೆ ಕೊಡು.